ಹಗುರ ಮರದ ದಿಗಿಣ

ಮಾದರಿ ವಿಮಾನ ಎಂದ ಕೂಡಲೇ ದೊಡ್ಡ ವಿಮಾನವೊಂದರ ಚಿಕ್ಕ ನಕಲು ನಮ್ಮ ಕಣ್ಣಿಗೆ ಬರುತ್ತದೆ. ಚರಿತ್ರೆಯಲ್ಲಿ ನಡೆದದ್ದು ಇದರ ತಿರುಗುಮುರುಗು. ಮನುಷ್ಯ ಹೊತ್ತ ವಿಮಾನ ನೆಲ ಬಿಟ್ಟೇಳುವುದಕ್ಕೆ ಎಷ್ಟೋ ಮೊದಲೇ ಚಿಕ್ಕವು ಹಾರಿಯಾಗಿತ್ತು. 1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಯ್ಲಿ ಒಂದು ಉದ್ದದ ಕೋಲಿಗೆ ಗಾಳಿಪಟದಂಥ ರೆಕ್ಕೆ ಕಟ್ಟಿ, ಹಿಂದೆ ಒಂದು ಬಾಲ ಸಿಕ್ಕಿಸಿ, ಗುಡ್ಡದ ಮೇಲಿನಿಂದ ತೇಲಿಬಿಟ್ಟ. 1871ರ ಆಗಸ್ಟ್ 18ರಂದು ಪ್ಯಾರಿಸಿನ ಟ್ಯೂಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೊ ಎಂಬ ಇಪ್ಪತ್ತೊಂದರ ಯುವಕ, ರಬ್ಬರ್ ಪಟ್ಟಿಯನ್ನು ತಿರುಚಿ ಕಟ್ಟಿದ ಪುಟ್ಟ ವಿಮಾನವೊಂದನ್ನು ಬಿಟ್ಟ. ಅದು 11 ಸೆಕೆಂಡುಗಳ ಕಾಲ ಹಾರಿ ಸುಮಾರು 40 ಮೀಟರ್ ದೂರ ಹೋಯಿತು. ಯಾರೂ ನಡೆಸದೆ, ತನ್ನಷ್ಟಕ್ಕೆ ತಾನು ಸಮತೋಲ ಕಾಯ್ದುಕೊಂಡು ಹೋಯಿತು ಎಂಬುದು ಅದರ ಮಹತ್ವ. ರೈಟ್ ಸಹೋದರರು ಬಾಲ್ಯದಲ್ಲಿ ಆಡಿದ್ದೂ ಅದೇ ಪೆನೊನ ಹಾದಿಯ, ರಬ್ಬರ್ ಪಟ್ಟಿಯಿಂದ ಮೇಲೇರುವ ಆಟಿಕೆಯಲ್ಲಿ. ಮುಂದೆ 1901ರಲ್ಲಿ ಅವರು ಪೆಟ್ಟಿಗೆಯಂಥ ಗಾಳಿಸುರಂಗವೊಂದನ್ನು ಮಾಡಿಕೊಂಡು ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಅದರಲ್ಲಿಟ್ಟು ಅಳೆದರು. 1903ರ ಹಾರಾಟ ಹುಟ್ಟಿದ್ದು ಆ ಅಂಗೈಯಗಲದ ತಗಡಿನ ತುಂಡುಗಳಿಂದ.

ನಾನು ಪುತ್ತೂರಿನ ಕಡೆಯವನು. ಭೌತಶಾಸ್ತ್ರ ಪಾಠ ಮಾಡುವುದು ಹೊಟ್ಟೆಪಾಡು; ಸಂಜೆ ಹೊತ್ತು ಆಸಕ್ತಿಯಿರುವ ಕೆಲವು ಮಕ್ಕಳ ಜೊತೆ ಸೇರಿ ರೇಡಿಯೋ ನಿಯಂತ್ರಿತ ವಿಮಾನ ಕಟ್ಟುವುದು ಹವ್ಯಾಸ. ಪುತ್ತೂರು, ಸುಳ್ಯ, ಈಚೆಗಷ್ಟೇ ಪ್ರತ್ಯೇಕ ತಾಲೂಕಾದ ಕಡಬ, ಈ ಮೂರು ಕಡೆಯಿಂದಲೂ ಮಕ್ಕಳು ಬರುತ್ತಾರೆ. ಅಡಿಕೆ ತೋಟದ ನಡುವೆ ಕೂತು ವಿಮಾನ ಕಟ್ಟುವ ಈ ಕೆಲಸಕ್ಕೂ ನಮ್ಮ ನಾಡಿನ ಚರಿತ್ರೆಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಉಂಟು. ಅದನ್ನು ಹೇಳುವುದಕ್ಕೇ ಈ ಬರಹ.

ಮೊದಲಿಗೆ ಒಂದು ಎಚ್ಚರಿಕೆಯ ಕತೆ. ಅಮೆರಿಕದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ದೊಡ್ಡ ವಿಜ್ಞಾನಿ, ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥ. 1896ರ ಮೇ 6ರಂದು ಪೊಟೋಮ್ಯಾಕ್ ನದಿಯ ಮೇಲೆ ಅವರ ಉಗಿಯಂತ್ರದ ಮಾದರಿ ವಿಮಾನ ಸುಮಾರು ಒಂದು ಕಿಲೋಮೀಟರ್ ಹಾರಿತು. ಗೆದ್ದೆ ಎಂದುಕೊಂಡ ಅವರು ಅದನ್ನೇ ದೊಡ್ಡದು ಮಾಡಿ ಮನುಷ್ಯನನ್ನು ಕೂರಿಸಲು ಹೊರಟರು. 1903ರ ಅಕ್ಟೋಬರಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಆ ವಿಮಾನ ನೇರ ನದಿಗೆ ಬಿತ್ತು. ಉದ್ದಳತೆ ಎರಡು ಪಾಲಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಾಲಾಗುತ್ತದೆ, ತೂಕ ಎಂಟು ಪಾಲಾಗುತ್ತದೆ. ಚಿಕ್ಕದರಲ್ಲಿ ಸಾಕಾದ ಗಟ್ಟಿತನ ದೊಡ್ಡದರಲ್ಲಿ ಸಾಲದು. ಚಿಕ್ಕದು ಹಾರಿದ ಮಾತ್ರಕ್ಕೆ ದೊಡ್ಡದು ಹಾರಬೇಕೆಂದಿಲ್ಲ. ಹಾಗಾದರೆ ಮಾದರಿ ಯಾಕೆ ಬೇಕು? ಅದು ತನ್ನ ಅಳತೆಯಲ್ಲಿ ನಿಜವನ್ನೇ ಹೇಳುತ್ತದೆ ಎಂಬುದಕ್ಕಾಗಿ. ಲ್ಯಾಂಗ್ಲಿಯ ಮಾದರಿ ಸುಳ್ಳು ಹೇಳಲಿಲ್ಲ. ಅದು ಹೇಳದೆ ಇದ್ದದ್ದನ್ನೂ ಸೇರಿಸಿ ಕೇಳಿಸಿಕೊಳ್ಳಲಾಯಿತು, ಅಷ್ಟೆ.

ಆಕಾಶದಲ್ಲಿರುವ ಮಾದರಿಯನ್ನು ನೆಲದಿಂದ ನಡೆಸುವ ವಿದ್ಯೆ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂಬ ತಮ್ಮ ವಿಮಾನವನ್ನು ರೇಡಿಯೋ ಅಲೆಯಿಂದ ತಿರುಗಿಸಿದರು. ಅದೀಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೇಡಿಯೋ ನಿಯಂತ್ರಿತ ಏರೋಬ್ಯಾಟಿಕ್ಸಿನ ಮೊದಲ ವಿಶ್ವ ಸ್ಪರ್ಧೆ ನಡೆಯಿತು; ‘ಒರಾಯನ್’ ಎಂಬ ವಿಮಾನ ಹಾರಿಸಿದ ಎಡ್ ಕಜ್ಮಿರ್ಸ್ಕಿ ಗೆದ್ದರು. ಆಗಿನ ಟ್ರಾನ್ಸ್‌ಮಿಟರ್‌ಗಳಲ್ಲಿ ಇದ್ದದ್ದು ಗುಂಡಿಗಳು. ಒತ್ತಿದರೆ ಚುಕ್ಕಾಣಿ ಪೂರ್ತಿ ತಿರುಗುವುದು, ಬಿಟ್ಟರೆ ನೆಟ್ಟಗಾಗುವುದು. ನಡುವೆ ಏನೂ ಇಲ್ಲ. ಬೆರಳು ಎಷ್ಟು ಸರಿಯುತ್ತದೋ ಚುಕ್ಕಾಣಿಯೂ ಅಷ್ಟೇ ಸರಿಯುವ ಏರ್ಪಾಡು ಬಂದದ್ದು ಆಮೇಲೆ. ಹ್ಯಾನೋ ಪ್ರೆಟ್ನರ್ ಎಂಬ ಆಸ್ಟ್ರಿಯಾದ ತರುಣ 1977ರಲ್ಲಿ ವಿಶ್ವ ಪ್ರಶಸ್ತಿ ಗೆಲ್ಲುವ ಹೊತ್ತಿಗೆ ಇದು ಸಂಗೀತದಷ್ಟೇ ಸೂಕ್ಷ್ಮವಾದ ಕಲೆಯಾಗಿತ್ತು.

ಏರೋಬ್ಯಾಟಿಕ್ಸ್ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು? ಲಾಗ ಎನ್ನಬಹುದು. ನಮ್ಮ ತೆಂಕುತಿಟ್ಟಿನ ಯಕ್ಷಗಾನ ನೋಡಿದವರಿಗೆ ಇನ್ನೂ ಒಳ್ಳೆಯ ಮಾತೊಂದು ಗೊತ್ತು: ದಿಗಿಣ. ವೇಷಧಾರಿ ನೆಲಬಿಟ್ಟು ಸುತ್ತು ಸುತ್ತು ಹಾರುತ್ತಾ ರಂಗಸ್ಥಳ ಸುತ್ತುತ್ತಾನೆ. ಅದರಲ್ಲಿ ಬಲ ಕಾಣುತ್ತದೆ; ಬಲ್ಲವರು ನೋಡುವುದು ಮಾತ್ರ ಲಯ ತಪ್ಪಿತೋ, ಇಳಿದ ಜಾಗ ಸರಿಯೋ ಎಂದು. ವಿಮಾನದ ದಿಗಿಣವನ್ನು ನೋಡುವ ತೀರ್ಪುಗಾರರೂ ಹಾಗೆಯೇ. ಎಫ್‌3ಎ ಎಂದು ಕರೆಯುವ ಅಂತರರಾಷ್ಟ್ರೀಯ ವರ್ಗದಲ್ಲಿ ವಿಮಾನದ ಉದ್ದ ಮತ್ತು ರೆಕ್ಕೆಯಗಲ ತಲಾ 2 ಮೀಟರ್ ಮೀರಬಾರದು, ತೂಕಕ್ಕೆ 5 ಕಿಲೋ ಮಿತಿ. ಹಾರಿಸುವವನಿಂದ ಸುಮಾರು 150 ಮೀಟರ್ ದೂರದಲ್ಲಿ, ಎಡಕ್ಕೆ 60 ಡಿಗ್ರಿ, ಬಲಕ್ಕೆ 60 ಡಿಗ್ರಿ, ಎತ್ತರಕ್ಕೆ 60 ಡಿಗ್ರಿಯ ಕಾಣದ ಚೌಕಟ್ಟೊಂದಿದೆ. ಎಲ್ಲ ಆಟವೂ ಅದರೊಳಗೆ. ಅದೇ ಅವರ ರಂಗಸ್ಥಳ.

ಇಂಥ ವಿಮಾನದ ಆಕಾರ ಪ್ರಯಾಣಿಕರ ವಿಮಾನಕ್ಕಿಂತ ಬೇರೆ. ಸಾಮಾನ್ಯ ರೆಕ್ಕೆಯ ಮೇಲುಭಾಗ ಉಬ್ಬಿ ಕೆಳಭಾಗ ಚಪ್ಪಟೆಯಾಗಿರುತ್ತದೆ. ಏರೋಬ್ಯಾಟಿಕ್ ರೆಕ್ಕೆಗೆ ಮೇಲೂ ಕೆಳಗೂ ಒಂದೇ ಉಬ್ಬು; ತಲೆಕೆಳಗಾದರೂ ಅದೇ ಹಾರಾಟ. ಪೆನೊನ ವಿಮಾನ ತಾನಾಗಿ ಸರಿಹೋಗಲಿ ಎಂಬಂತೆ ಕಟ್ಟಿದ್ದು. ಇದು ಹಾಗಲ್ಲ, ಇಟ್ಟ ಕಡೆ ಇರಬೇಕು. ಮೂತಿ ಮೇಲೆ ಮಾಡಿ ಬಿಟ್ಟರೆ ಹಾಗೇ ಹೋಗಬೇಕು, ಮಗುಚಿ ಬಿಟ್ಟರೆ ಮಗುಚಿಕೊಂಡೇ ಹೋಗಬೇಕು. ತನ್ನ ಬುದ್ಧಿ ತೋರಿಸಕೂಡದು. ಇಷ್ಟು ಸಾಧಿಸಲು ರೆಕ್ಕೆ, ಬಾಲ, ಮೋಟಾರು ಮೂರೂ ಒಂದಕ್ಕೊಂದು ಕೂದಲೆಳೆಯಷ್ಟೂ ಓರೆಯಾಗದಂತೆ ಕಟ್ಟಬೇಕು. ಎಡ ರೆಕ್ಕೆ ಬಲಕ್ಕಿಂತ ಅರ್ಧ ಡಿಗ್ರಿ ತಿರುಚಿದ್ದರೂ ನೇರ ಮೇಲೇರುವಾಗ ಅದು ಗುಟ್ಟು ಬಿಟ್ಟುಕೊಡುತ್ತದೆ. ಮರದ ಮೇಜಿನ ಮೇಲೆ ಮುಚ್ಚಿಟ್ಟದ್ದು ಆಕಾಶದಲ್ಲಿ ಊರಿಗೆಲ್ಲ ಕಾಣುತ್ತದೆ.

ಈಗ ನಮ್ಮ ನಾಡಿಗೆ ಬರೋಣ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಎರಡು ವರ್ಷದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗ ಆರಂಭವಾಯಿತು. ಈ ಎರಡೂ ಕಡೆ ದುಡಿದವರು ವಿ. ಎಂ. ಘಾಟಗೆ. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿ ಗಾಳಿಯ ಗಣಿತ ಕಲಿತು ಬಂದವರು. ಅವರ ವಿನ್ಯಾಸದ ಎಚ್‌ಟಿ–2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ವಾಯುಪಡೆಯ ಒಂದು ತಲೆಮಾರಿನ ಚಾಲಕರು ಲಾಗ ಹಾಕುವುದನ್ನು ಕಲಿತದ್ದು ಆ ವಿಮಾನದಲ್ಲಿ.

ನನಗೆ ಇದಕ್ಕಿಂತಲೂ ಇಷ್ಟವಾದ ಅಧ್ಯಾಯ ಆಮೇಲಿನದು. 1956ರಲ್ಲಿ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಭಾರತದ ಮೊದಲ ಜೆಟ್ ಯುದ್ಧವಿಮಾನದ ಕೆಲಸ ಶುರುವಾಯಿತು. ಅದೇ ಎಚ್‌ಎಫ್–24, ಮಾರುತ್. ಜೆಟ್ ಎಂದರೆ ಲೋಹ, ಬೆಂಕಿ, ಸದ್ದು. ಆದರೆ ಲೋಹಕ್ಕೆ ಕೈ ಹಾಕುವ ಮೊದಲು ಅವರು ಮಾಡಿದ್ದು ಮರದ ವಿಮಾನ. ಅದೇ ಆಕಾರ, ಅದೇ ಅಳತೆ, ಎಂಜಿನ್ ಇಲ್ಲ. ಎಕ್ಸ್–241 ಎಂಬ ಹೆಸರಿನ ಆ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆದುಕೊಂಡು ಹೋಗಿ, ಮೇಲೆ ಬಿಟ್ಟು, ತೇಲಿಸಿ ಇಳಿಸಿದರು. ಎಪ್ಪತ್ತಕ್ಕೂ ಹೆಚ್ಚು ಸಲ ಹೀಗೆ ಹಾರಿಸಿ ಅದರ ಗುಣ ಅರಿತರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮಾರುತ್ ವಿಮಾನವನ್ನು ಹಾರಿಸಿದಾಗ, ಆ ಲೋಹದ ಹಕ್ಕಿಯ ಹಿಂದೆ ಬೆಂಗಳೂರಿನ ಬಡಗಿಗಳ ಉಳಿ, ಗರಗಸ, ಅಂಟುಗಳ ಕೆಲಸ ಇತ್ತು. ಲ್ಯಾಂಗ್ಲಿ ಕಲಿಯದ ಪಾಠವನ್ನು ಇವರು ಕಲಿತಿದ್ದರು: ಚಿಕ್ಕದರಿಂದ ದೊಡ್ಡದಕ್ಕೆ ಒಂದೇ ನೆಗೆತ ಬೇಡ, ನಡುವೆ ಮೆಟ್ಟಿಲು ಇರಲಿ.

ಇದೇ ಬೆಂಗಳೂರಿನ ಆಸುಪಾಸಿನಲ್ಲಿ ಇನ್ನೊಂದು ಬಗೆಯ ವಿಮಾನವೂ ಹುಟ್ಟಿತ್ತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ‘ವೈಮಾನಿಕ ಶಾಸ್ತ್ರ’ವನ್ನು ಹೇಳಿ ಬರೆಸಿದರು. ಭರದ್ವಾಜ ಋಷಿಯ ಪ್ರಾಚೀನ ವಿದ್ಯೆ ಎಂಬುದು ಅದರ ಹೇಳಿಕೆ. ಎಲ್ಲಪ್ಪ ಎಂಬ ಬೆಂಗಳೂರಿನ ನಕ್ಷೆಗಾರರು ಶಾಸ್ತ್ರಿಗಳ ಮಾತು ಕೇಳಿ ಶಕುನ, ಸುಂದರ, ರುಕ್ಮ ಮೊದಲಾದ ವಿಮಾನಗಳ ಚಿತ್ರ ಬರೆದರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಇದನ್ನು ಇಂಗ್ಲಿಷಿನಲ್ಲಿ ತಂದಾಗ ದೊಡ್ಡ ಗುಲ್ಲೆದ್ದಿತು. ಮರುವರ್ಷವೇ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಂಗಡಿಗರು ಗ್ರಂಥವನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಭಾಷೆ ಪ್ರಾಚೀನದ್ದಲ್ಲ, ಗ್ರಂಥ 1904ಕ್ಕಿಂತ ಹಿಂದಿನದಾಗಿರಲಾರದು, ಚಿತ್ರದಲ್ಲಿರುವ ಯಾವ ವಿಮಾನಕ್ಕೂ ಹಾರುವ ಗುಣ ಇಲ್ಲ ಎಂಬುದು ಅವರ ತೀರ್ಮಾನ.

ಶಾಸ್ತ್ರಿಗಳನ್ನು ಹಾಸ್ಯ ಮಾಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಎಲ್ಲಪ್ಪನವರ ರೇಖೆಗಳು ಅಚ್ಚುಕಟ್ಟಾಗಿವೆ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಚಿತ್ರ ಬರೆದದ್ದು 1923ರಲ್ಲಿ. ಪರೀಕ್ಷೆ ನಡೆದದ್ದು 1974ರಲ್ಲಿ. ನಡುವಿನ ಐವತ್ತು ವರ್ಷದಲ್ಲಿ ಯಾರಾದರೂ ಬಿದಿರು ಕಡ್ಡಿ, ಕಾಗದ, ಅಂಟು ಹಿಡಿದು ಅದರಲ್ಲಿ ಒಂದನ್ನು ಕಟ್ಟಿ ಮಾಳಿಗೆಯಿಂದ ಬಿಟ್ಟಿದ್ದರೆ? ಹತ್ತು ಸೆಕೆಂಡಿನಲ್ಲಿ ಉತ್ತರ ಸಿಗುತ್ತಿತ್ತು. ಪೆನೊನಿಗೆ ಹನ್ನೊಂದು ಸೆಕೆಂಡು ಸಾಕಾಗಿತ್ತು. ಹಾರುತ್ತದೆ ಎಂದು ನಂಬುವವರಿಗೂ ಹಾರದು ಎನ್ನುವವರಿಗೂ ಆ ಪುಟ್ಟ ಬೊಂಬೆ ಒಂದೇ ಉತ್ತರ ಕೊಡುತ್ತಿತ್ತು. ಮಾದರಿಗೆ ಪಕ್ಷವಿಲ್ಲ.

ಹಾಗಿದ್ದರೆ ಕಟ್ಟುವ ವಿದ್ಯೆ ನಮ್ಮಲ್ಲಿ ಇರಲಿಲ್ಲವೇ? ಧಾರಾಳ ಇತ್ತು. ಅದನ್ನು ನನಗೆ ತೋರಿಸಿಕೊಟ್ಟದ್ದು ಒಂದು ತುಂಡು ಬಾಲ್ಸಾ ಮರ. ದಕ್ಷಿಣ ಅಮೆರಿಕದ, ಮುಖ್ಯವಾಗಿ ಎಕ್ವಡಾರಿನ, ಈ ಮರ ಲೋಕದ ಮಾದರಿ ವಿಮಾನಗಳಿಗೆಲ್ಲ ಮೂಲದ್ರವ್ಯ. ಘನ ಮೀಟರಿಗೆ ತೇಗ 600 ಕಿಲೋ ದಾಟಿದರೆ, ಒಳ್ಳೆಯ ಬಾಲ್ಸಾ 100ರಿಂದ 200 ಕಿಲೋ. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಬೂರುಗದ ಬಂಧು. ಎರಡನೆಯ ಮಹಾಯುದ್ಧದ ‘ಮಸ್ಕಿಟೊ’ ವಿಮಾನದ ಒಡಲು ಎರಡು ಪದರ ತೆಳು ಪ್ಲೈವುಡ್, ನಡುವೆ ಬಾಲ್ಸಾ. ಪೀಠೋಪಕರಣ, ಪಿಯಾನೋ ಮಾಡುವವರು ಅದನ್ನು ಕಟ್ಟಿದರು. ನಮ್ಮ ದೇಶದ ಹವೆ ಅದನ್ನು ಕಾಡಿತು. 1944ರ ಕೊನೆಗೆ ಇಲ್ಲಿದ್ದ ಮಸ್ಕಿಟೊಗಳ ರೆಕ್ಕೆಯ ಜೋಡಣೆ ಬಿಟ್ಟುಕೊಂಡು ಹಾರಾಟವನ್ನೇ ನಿಲ್ಲಿಸಬೇಕಾಯಿತು. ಸೆಕೆ, ತೇವ, ಕಾರ್ಖಾನೆಯಲ್ಲಿ ಅಂಟಿಸುವಾಗಿನ ಸಡಿಲತನ ಎಲ್ಲದರ ಮೇಲೂ ಬೊಟ್ಟು ಮಾಡಲಾಯಿತು.

ಸುಳ್ಯದ ಕಡೆಯ ಹಿರಿಯ ಆಚಾರಿಯೊಬ್ಬರ ಕೈಗೆ ನಾನು ಬಾಲ್ಸಾ ಹಲಗೆ ಕೊಟ್ಟಾಗ ಅವರು ಅಂಗೈಯಲ್ಲಿ ತೂಗಿ ನೋಡಿ, “ಇದೆಂತ ಮಾಸ್ಟ್ರೇ, ಮರವಾ ಗಾಳಿಯಾ?” ಎಂದರು. ಆಮೇಲೆ ಉಗುರಿನಿಂದ ಒತ್ತಿ, ಬೆಳಕಿಗೆ ಹಿಡಿದು, ಎಳೆ ಯಾವ ಕಡೆ ಓಡುತ್ತದೆಂದು ನೋಡಿ, “ಅಡ್ಡಕ್ಕೆ ಬಾಗ್ತದೆ, ಉದ್ದಕ್ಕೆ ನಿಲ್ತದೆ. ರೆಕ್ಕೆಗೆ ಉದ್ದ ಎಳೆ ಹಾಕಿ” ಎಂದರು. ವಿಮಾನವನ್ನು ಹತ್ತಿರದಿಂದ ನೋಡಿದವರೂ ಅಲ್ಲ ಅವರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ನಮ್ಮ ವೇಷದ ಸಾಮಾನಿಗೂ ಹೀಗೇ ಹಗುರದ ಮರ ನೋಡುದು” ಎಂದರು.

ಆ ಮಾತು ನನಗೆ ಬಾಗಿಲು ತೆರೆದಂತಾಯಿತು. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಪದಕಗಳು ಹಗುರ ಮರದಲ್ಲಿ ಕೆತ್ತಿದವು. ಇರುಳಿಡೀ ಹೊತ್ತು ಕುಣಿಯಬೇಕಾದ ವೇಷಧಾರಿಯ ಕತ್ತು ಉಳಿಯಬೇಕಲ್ಲ! ಒಳಗಿನ ಮರವನ್ನು ಎಷ್ಟು ಸಾಧ್ಯವೋ ಅಷ್ಟು ಕೊರೆದು ತೆಗೆಯುತ್ತಾರೆ, ಮೇಲೆ ಬೇಗಡೆ ಅಂಟಿಸಿ ಚಿನ್ನದಂತೆ ಹೊಳೆಯಿಸುತ್ತಾರೆ. ದೂರದಲ್ಲಿ ಕೂತವನಿಗೆ ಭಾರದ ಬಂಗಾರ ಕಾಣಬೇಕು, ಹೊತ್ತವನಿಗೆ ಭಾರವೇ ತಿಳಿಯಬಾರದು. ಏರೋಬ್ಯಾಟಿಕ್ ವಿಮಾನ ಕಟ್ಟುವುದೂ ಅಕ್ಷರಶಃ ಇದೇ ಕೆಲಸ: ಹಗುರ ಮರ, ಕೊರೆದ ಒಳಭಾಗ, ಮೇಲೊಂದು ಹೊಳೆಯುವ ತೆಳು ಹೊದಿಕೆ, ಆಮೇಲೆ ದಿಗಿಣ.

ಈಗ ಕಟ್ಟುವ ಬಗೆ ಹೇಳುತ್ತೇನೆ. ರೆಕ್ಕೆಗೆ ಎರಡು ದಾರಿ. ಒಂದು, ತೆಳ್ಳಗಿನ ಪಕ್ಕೆಲುಬುಗಳನ್ನು ಸಾಲಾಗಿ ಜೋಡಿಸಿ ಉದ್ದಕ್ಕೆ ಕಡ್ಡಿ ಪೋಣಿಸುವುದು. ಇನ್ನೊಂದು, ಬಿಸಿಯಾದ ನೈಕ್ರೋಮ್ ತಂತಿಯಿಂದ ಥರ್ಮೋಕೋಲನ್ನು ರೆಕ್ಕೆಯ ಆಕಾರಕ್ಕೆ ಕತ್ತರಿಸಿ ಮೇಲೆ ಒಂದೂವರೆ ಮಿಲಿಮೀಟರ್ ಬಾಲ್ಸಾ ಹಾಳೆ ಅಂಟಿಸುವುದು. ಯಾವ ದಾರಿಯಾದರೂ ಮುಂದಿನದು ಉಜ್ಜುವುದು. 120ರ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 220, 400 ಎಂದು ನುಣ್ಣಗಾಗುತ್ತಾ ಹೋಗಬೇಕು. ಮಕ್ಕಳಿಗೆ ಬೇಸರ ಬರುವ ಘಟ್ಟ ಇದು. ಕಣ್ಣಿಗೆ ಕಾಣದ ಉಬ್ಬುತಗ್ಗು ಬೆರಳ ತುದಿಗೆ ಸಿಗುತ್ತದೆ. ಕಣ್ಣು ಮುಚ್ಚಿ ಸವರಿ ನೋಡಿ ಎನ್ನುತ್ತೇನೆ.

ಹಳೆಯ ಕಾಲದ ಹೊದಿಕೆ ತೆಳು ಟಿಶ್ಯೂ ಕಾಗದ ಅಥವಾ ರೇಷ್ಮೆ, ನೈಲಾನ್ ಬಟ್ಟೆ. ಅದರ ಮೇಲೆ ‘ಡೋಪ್’ ಎಂಬ ಸೆಲ್ಯುಲೋಸ್ ವಾರ್ನಿಷು. ಒಣಗುತ್ತಾ ಅದು ಬಟ್ಟೆಯನ್ನು ಚೆಂಡೆಯ ಚರ್ಮದಂತೆ ಬಿಗಿಯುತ್ತದೆ. ಮಳೆಗಾಲದಲ್ಲಿ ನಮ್ಮೂರಲ್ಲಿ ಇದನ್ನು ಬಳಿದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರಾವಿ ಅದರ ಮೇಲೆ ಕೂರುವುದೇ ಕಾರಣ. 1960ರ ದಶಕದಲ್ಲಿ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಇಸ್ತ್ರಿಪೆಟ್ಟಿಗೆಯೇ ಕುಂಚವಾಯಿತು. ಹಾಳೆಯ ಅಂಚನ್ನು ಮೊದಲು ಹದವಾದ ಬಿಸಿಯಲ್ಲಿ ಅಂಟಿಸಿ, ಆಮೇಲೆ ಬಿಸಿ ಏರಿಸಿ ನಡುಭಾಗವನ್ನು ಬಿಗಿಯಬೇಕು. ಒಂದೇ ಕಡೆ ಹೆಚ್ಚು ಎಳೆದರೆ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಆಷಾಢದಲ್ಲಿ ಬಿಗಿಯಾಗಿ ಹೊದಿಸಿದ್ದು ಮಾಘದ ಒಣಹವೆಯಲ್ಲಿ ಬೇರೆಯೇ ಬಗೆಯಾಗಿರುತ್ತದೆ. ಹಾಗಾಗಿ ನಮ್ಮಲ್ಲಿ ಜೂನಿನಿಂದ ಮರಗೆಲಸ, ನವರಾತ್ರಿ ಕಳೆದ ಮೇಲೆ ಹೊದಿಕೆ, ಆಮೇಲೆ ಬೇಸಿಗೆಯವರೆಗೆ ಹಾರಾಟ. ಪಂಚಾಂಗ ನೋಡಿ ಗದ್ದೆ ಮಾಡಿದ ಹಾಗೆ.

ಬಣ್ಣದಲ್ಲಿ ಎರಡು ವಿಷಯ. ಒಂದು, ವಿಮಾನ ನಮ್ಮ ಕಡೆಗೆ ಬರುವಾಗ ಎಡಬಲ ಅದಲುಬದಲಾಗುತ್ತದೆ. ಮಗುಚಿದೆಯೋ ನೆಟ್ಟಗಿದೆಯೋ ಕ್ಷಣದಲ್ಲಿ ತಿಳಿಯಬೇಕು. ಆದ್ದರಿಂದ ಮೇಲೆ ಒಂದು ವಿನ್ಯಾಸ, ಅಡಿಗೆ ಇನ್ನೊಂದು. ನಮ್ಮಲ್ಲಿ ಹಿನ್ನೆಲೆ ಎಲ್ಲೆಲ್ಲೂ ಅಡಿಕೆ, ರಬ್ಬರ್, ಕಾಡು. ಹಸಿರು ಬಣ್ಣದ ವಿಮಾನ ಕಣ್ಣೆದುರೇ ಮಾಯವಾಗುತ್ತದೆ. ಕೆಂಪು, ಹಳದಿ, ಬಿಳಿ ಲೇಸು. ಎರಡು, ಬಣ್ಣಕ್ಕೂ ತೂಕ ಉಂಟು. ಒಬ್ಬ ವಿದ್ಯಾರ್ಥಿನಿ ಬಾಲದ ಮೇಲೆ ಬಹಳ ಚೆಂದದ ನವಿಲುಗರಿ ಬರೆದಿದ್ದಳು. ಎರಡು ಮೂರು ಪದರ ಬಣ್ಣ, ತೂಗಿದರೆ 12 ಗ್ರಾಂ. ಗುರುತ್ವ ಕೇಂದ್ರದಿಂದ ಬಾಲ 90 ಸೆಂಟಿಮೀಟರ್ ಹಿಂದೆ, ಮೂತಿ 30 ಸೆಂಟಿಮೀಟರ್ ಮುಂದೆ. ಹಾಗಾದರೆ ತಕ್ಕಡಿಯ ಲೆಕ್ಕದಂತೆ ಮೂತಿಗೆ 36 ಗ್ರಾಂ ಸೀಸ ಕಟ್ಟಬೇಕು. ಒಟ್ಟು 48 ಗ್ರಾಂ ಅನವಶ್ಯಕ ಹೊರೆ. ಲೆಕ್ಕ ಅವಳೇ ಮಾಡಿದಳು. ಒಂದು ದಿನ ಸುಮ್ಮನಿದ್ದು, ಮರುದಿನ ಬಂದು ತಾನೇ ನವಿಲುಗರಿಯನ್ನು ಉಜ್ಜಿ ತೆಗೆದಳು. ಕೊನೆಗೆ ಉಳಿಸಿಕೊಂಡದ್ದು ಒಂದೇ ಒಂದು ಕಣ್ಣು. ನೂರು ಪುಟದ ಪಠ್ಯದಲ್ಲಿ ನಾನು ಕಲಿಸಲಾರದ್ದು ಅದು.

ಹಿಂದಿನವರಿಗೆ ಇಷ್ಟು ಸಲೀಸಾಗಿರಲಿಲ್ಲ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಬಾಲ್ಸಾ, ಎಂಜಿನ್, ರೇಡಿಯೋ ಎಲ್ಲವೂ ಆಮದಿನ ವಸ್ತು. ಕಲ್ಕತ್ತೆಯ ‘ಇಂಡಿಯಾಸ್ ಹಾಬಿ ಸೆಂಟರ್’ ಮತ್ತು ಅಲ್ಲಿಯೇ ತಯಾರಾದ ‘ಅರೋರಾ’ ಎಂಬ ಪುಟ್ಟ ಡೀಸೆಲ್ ಎಂಜಿನ್ ದೇಶದ ಹವ್ಯಾಸಿಗಳಿಗೆ ಆಸರೆಯಾಗಿದ್ದವು. ಆ ಎಂಜಿನ್ನಿಗೆ ಇಂಧನ ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣ. ಅಜ್ಜಿ ತಲೆಗೆ ತಟ್ಟುತ್ತಿದ್ದ ಹರಳೆಣ್ಣೆಯೇ ಪಿಸ್ಟನ್ನಿಗೂ ತಂಪು! ರೇಡಿಯೋ ಬೇಕಾದರೆ 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಪ್ರಕಾರ ಪರವಾನಗಿ ಬೇಕಿತ್ತು. ಹೀಗಾಗಿ ಹೆಚ್ಚಿನವರು ಎರಡು ತಂತಿ ಹಿಡಿದು ತಮ್ಮ ಸುತ್ತ ವೃತ್ತಾಕಾರದಲ್ಲಿ ಹಾರಿಸುವ ‘ಕಂಟ್ರೋಲ್ ಲೈನ್’ ವಿಮಾನಗಳಲ್ಲೇ ತೃಪ್ತಿಪಟ್ಟರು. ಎನ್‌ಸಿಸಿಯ ವಾಯುದಳ ಏರೋಮಾಡೆಲಿಂಗನ್ನು ತನ್ನ ಪಾಠದಲ್ಲಿ ಇಟ್ಟುಕೊಂಡದ್ದರಿಂದ ಈ ವಿದ್ಯೆ ಕಾಲೇಜುಗಳಲ್ಲಿ ಉಸಿರಾಡುತ್ತಾ ಉಳಿಯಿತು. ನಮ್ಮ ಜಿಲ್ಲೆಗೆ ಮಂಗಳೂರಿನ ಘಟಕವೇ ಆ ಬಾಗಿಲು. 2005ರಲ್ಲಿ 2.4 ಗಿಗಾಹರ್ಟ್ಜ್ ತರಂಗಪಟ್ಟಿ ಪರವಾನಗಿ ಮುಕ್ತವಾಯಿತು. ಸರಿಸುಮಾರು ಅದೇ ಹೊತ್ತಿಗೆ ಲಿಥಿಯಂ ಬ್ಯಾಟರಿ, ಬ್ರಷ್‌ಲೆಸ್ ಮೋಟಾರು ಅಗ್ಗವಾದವು. ಹಳ್ಳಿಯ ಹುಡುಗನ ಕೈಗೂ ಆಕಾಶ ಸಿಕ್ಕಿತು.

ಆಕಾಶ ಸಿಕ್ಕಿತು, ನೆಲ ಕೈತಪ್ಪಿತು. ಮಂಗಳೂರಿನ ಬಜ್ಪೆಯಲ್ಲಿ 1951ರ ಡಿಸೆಂಬರ್ 25ರಂದು ನೆಹರೂ ಅವರ ಡಿಸಿ–3 ವಿಮಾನ ಇಳಿದು ನಿಲ್ದಾಣ ಆರಂಭವಾದಾಗ ಅದಕ್ಕೆ ಸಿಕ್ಕಿದ್ದು ಗುಡ್ಡದ ನೆತ್ತಿ. ನಮ್ಮ ಮೂರು ತಾಲೂಕಿನ ಕತೆಯೂ ಹಾಗೆಯೇ. ಹಿಂದೆ ಕೊಯ್ಲಾದ ಬಾಕಿಮಾರು ಗದ್ದೆಗಳು ಬೇಸಿಗೆಯಲ್ಲಿ ಬಯಲಾಗುತ್ತಿದ್ದವು. ಗದ್ದೆ ಅಡಿಕೆ ತೋಟವಾದ ಮೇಲೆ ಆ ಬಯಲೂ ಇಲ್ಲ. ಪದವುಗಳ ಮೇಲೆ ರಬ್ಬರ್ ಬಂತು, ಗೇರು ಬಂತು, ಮನೆ ಬಂತು. ಉಳಿದದ್ದು ಶಾಲೆಯ ಮೈದಾನ. ಇಳಿಯುವಾಗ ಒಂದು ಕಡೆ ತೆಂಗು, ಇನ್ನೊಂದು ಕಡೆ ವಿದ್ಯುತ್ ತಂತಿ. ಆಟ ಕಲಿಯುವವನು ಏರುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಯಬೇಕು.

ಈಗ ಅದೇ ಅಡಿಕೆ ತೋಟದ ಮೇಲೆ ಡ್ರೋನ್ ಬರುತ್ತಿದೆ. ಕೊಳೆರೋಗಕ್ಕೆ ಮದ್ದು ಬಿಡಲು ಮರ ಹತ್ತುವವರು ಸಿಗದ ಕಾಲದಲ್ಲಿ ಅದು ಬರಲೇಬೇಕಾದ ಉಪಕಾರಿ. 2021ರ ಡ್ರೋನ್ ನಿಯಮಗಳು ಕಲಿಕೆಗೂ ಹವ್ಯಾಸಕ್ಕೂ ಕಣ್ಣಳತೆಯಲ್ಲಿ ಹಾರಿಸುವ 25 ಕಿಲೋ ಒಳಗಿನ ಮಾದರಿಗಳನ್ನು ಬೇರೆಯಾಗಿ ಗುರುತಿಸಿ ಕೆಲವು ವಿನಾಯಿತಿ ಕೊಟ್ಟಿವೆ. ಇದೆಲ್ಲ ಒಳ್ಳೆಯದೇ. ಆದರೆ ಡ್ರೋನ್ ಹಾರುವುದು ಮುಖ್ಯವಾಗಿ ತನ್ನೊಳಗಿನ ಗಣಕದಿಂದ. ಅದರ ಒಂದು ಕೈ ತುಸು ಓರೆಯಾಗಿದ್ದರೂ ಗಣಕ ಸರಿದೂಗಿಸಿಬಿಡುತ್ತದೆ. ಪೆಟ್ಟಿಗೆ ತೆರೆದರೆ ಹಾರಲು ಸಿದ್ಧವಾದ ಸಿದ್ಧ ವಿಮಾನಗಳೂ ಈಗ ಮನೆ ಬಾಗಿಲಿಗೆ ಬರುತ್ತವೆ, ಹೊದಿಕೆ, ಬಣ್ಣ ಎಲ್ಲ ಹಾಕಿಕೊಂಡೇ. ಹಾರಿಸುವವರು ಹೆಚ್ಚಿದ್ದಾರೆ, ಕಟ್ಟುವವರು ಕಡಿಮೆಯಾಗಿದ್ದಾರೆ. ನಷ್ಟ ಮರಗೆಲಸದ್ದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನನ್ನ ಕೈ ಎಲ್ಲಿ ಓರೆಯಾಯಿತು ಎಂದು ಆಕಾಶದಿಂದ ಕೇಳಿ ತಿಳಿಯುವ ಅಭ್ಯಾಸವೇ ತಪ್ಪಿಹೋಗುತ್ತದೆ.

ಪುತ್ತೂರಿನಲ್ಲಿ ಕೂತು ಇದನ್ನು ಯೋಚಿಸುವಾಗ ಶಿವರಾಮ ಕಾರಂತರು ನೆನಪಾಗದೆ ಇರುವುದಿಲ್ಲ. ಪರ್ಲಡ್ಕದ ಬಾಲವನದಲ್ಲಿ ಇದ್ದುಕೊಂಡು ಅವರು ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದರು, ಆಮೇಲೆ ದೊಡ್ಡವರಿಗಾಗಿ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ವಿಜ್ಞಾನ ಬೆಂಗಳೂರಿನ ಸಂಸ್ಥೆಗಳಿಗೆ ಸೇರಿದ್ದು ಎಂದು ಅವರು ಒಪ್ಪಲಿಲ್ಲ. ಅಡಿಕೆ ತೋಟದ ನಡುವಿನ ಮಗುವಿಗೂ ಅದು ಸೇರಿದ್ದು ಎಂಬಂತೆ ಬದುಕಿದರು. ಈಗ ಸುಳ್ಯದಲ್ಲಿ, ಪುತ್ತೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಮೂಡುಬಿದಿರೆಯಲ್ಲಿ ವಿಮಾನಶಾಸ್ತ್ರವನ್ನೇ ಓದಬಹುದು. ಪುಸ್ತಕಕ್ಕೆ, ಗಣಕಕ್ಕೆ ಕೊರತೆಯಿಲ್ಲ. ಇವುಗಳ ಪಕ್ಕದಲ್ಲಿ ಒಂದು ಉಳಿ, ಒಂದು ತುಂಡು ಹಗುರ ಮರ, ವೇಷದ ಸಾಮಾನು ಕೆತ್ತುವ ಒಬ್ಬ ಆಚಾರಿ ಇದ್ದರೆ ಆ ಓದಿಗೆ ಬೇರು ಸಿಗುತ್ತದೆ.

ಬೆಂಗಳೂರಿನ ಸುತ್ತ ಅರ್ಧ ಶತಮಾನದೊಳಗೆ ಎರಡು ವಿಮಾನಗಳು ಹುಟ್ಟಿದವು ಎಂದೆನಲ್ಲ. ಒಂದನ್ನು ಕಾಗದದ ಮೇಲೆ ಬರೆದು ನಂಬಿದರು, ಇನ್ನೊಂದನ್ನು ಮರದಲ್ಲಿ ಕಟ್ಟಿ ಬಿಟ್ಟು ನೋಡಿದರು. ಎರಡೂ ನಮ್ಮ ಚರಿತ್ರೆಯೇ, ಎರಡೂ ಹಾರುವ ಆಸೆಯಿಂದಲೇ ಹುಟ್ಟಿದವು. ಇಂದಿಗೂ ದಿನಕ್ಕೊಂದು ಹೇಳಿಕೆ, ದಿನಕ್ಕೊಂದು ಪವಾಡ ಮೊಬೈಲಿನಲ್ಲಿ ಬಂದು ಬೀಳುತ್ತದೆ. ಅದನ್ನು ನಂಬಬೇಕೋ ಬಿಡಬೇಕೋ ಎಂದು ಮಕ್ಕಳು ಕೇಳಿದರೆ ನಾನು ಉಪದೇಶಕ್ಕೆ ಹೋಗುವುದಿಲ್ಲ. ಕಟ್ಟಿ ನೋಡುವಾ ಎನ್ನುತ್ತೇನೆ. ಕಟ್ಟಿದ್ದು ಏಳದಿದ್ದರೆ ತಕ್ಕಡಿ ತರುತ್ತೇವೆ.